ಮೂಳೆ ಕೂಡಿದರೆ ಸಾಲದು, ಕೀಲು ಆಡಬೇಕು

ಅಡಿಕೆಗೆ ಮದ್ದು ಹೊಡೆಯುವ, ಕೊಟ್ಟೆ ಕಟ್ಟುವ ಕೆಲಸ ಮುಗಿಯುವಷ್ಟರಲ್ಲಿ ನಮ್ಮ ಸೀಮೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದವರ ಸುದ್ದಿ ಕೇಳದ ಮಳೆಗಾಲವಿಲ್ಲ. ಮರ ಜಾರಿ ಬಿದ್ದವರು ಕೆಲವರು. ಹಾವಸೆ ಕಟ್ಟಿದ ಸಂಕದ ಮೇಲೆ ಕಾಲು ತಪ್ಪಿದವರು ಕೆಲವರು. ಕಾದಿಗೆ ದಾಟುವಾಗ ಪಾದ ಹೊರಳಿದವರು, ಕಾಫಿ ಗಿಡಗಳ ಇಳಿಜಾರಿನಲ್ಲಿ ಜಾರಿದವರು, ಸೊಪ್ಪು ಕಡಿಯಲು ಹತ್ತಿ ಕೊಂಬೆ ಸಮೇತ ಕೆಳಗೆ ಬಂದವರು ಇನ್ನು ಕೆಲವರು. ಕ್ಯಾಸಲ್‌ರಾಕ್‌ನಂಥ ಘಟ್ಟದ ನೆತ್ತಿಯ ಊರಿನಲ್ಲಿ, ಮಳೆ ಹಿಡಿದರೆ ತಿಂಗಳುಗಟ್ಟಲೆ ನೆಲ ಒಣಗದ ಕಡೆ, ಇದೇನೂ ಹೊಸ ಸಂಗತಿಯಲ್ಲ.

ಇಂಥ ಆಪತ್ತಿನಲ್ಲಿ ನಮ್ಮ ಜನ ಹಿಂದೆಮುಂದೆ ನೋಡುವವರಲ್ಲ. ಕಂಬಳಿಯಲ್ಲಿ ಹೊತ್ತು ರಸ್ತೆಗೆ ತರುತ್ತಾರೆ, ವಾಹನ ಗೊತ್ತು ಮಾಡುತ್ತಾರೆ, ಬೆಳಗಾವಿಗೋ ಹುಬ್ಬಳ್ಳಿಗೋ ಗೋವೆಗೋ ಒಯ್ದು ಸೇರಿಸುತ್ತಾರೆ. ಆದರೆ ಪ್ಲಾಸ್ಟರ್ ಬಿಚ್ಚಿ, ಮೂಳೆ ಕೂಡಿದೆ ಎಂದು ಎಕ್ಸ್‌ರೇ ನೋಡಿ ಹೇಳಿದ ದಿನವೇ ಎಲ್ಲರ ಗಮನವೂ ಅಲ್ಲಿಗೆ ಮುಗಿಯುತ್ತದೆ. ಮನೆಗೆ ಬಂದವನಿಗೆ ಮಂಡಿ ಮಡಿಸಲು ಬರುವುದಿಲ್ಲ, ಪಾದ ಮೇಲಕ್ಕೆ ಏಳುವುದಿಲ್ಲ. "ದಿನ ಹೋದ ಹಾಗೆ ಸರಿಯಾಗುತ್ತದೆ" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಕೆಲವರಿಗೆ ಸರಿಯಾಗುವುದೂ ಉಂಟು. ಸರಿಯಾಗದವರು ವರ್ಷ ಕಳೆದರೂ ಕುಂಟುತ್ತಾರೆ, ಮರ ಹತ್ತುವುದನ್ನು ಬಿಡುತ್ತಾರೆ, ಕಡೆಗೆ ತೋಟವನ್ನು ಗುತ್ತಿಗೆ ಕೊಡುತ್ತಾರೆ. ಬಿದ್ದದ್ದರಿಂದ ಆದ ನಷ್ಟಕ್ಕಿಂತ ಪ್ಲಾಸ್ಟರ್ ಬಿಚ್ಚಿದ ಮೇಲಿನ ಎಂಟು ಹತ್ತು ವಾರಗಳನ್ನು ಅಸಡ್ಡೆ ಮಾಡಿದ್ದರಿಂದ ಆಗುವ ನಷ್ಟ ಅನೇಕ ಕಡೆ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ. ಅದನ್ನು ಸದಸ್ಯರ ಮುಂದೆ ಇಡುವುದೇ ಈ ಬರಹದ ಉದ್ದೇಶ.

ಕೀಲು ಏಕೆ ಬಿಗಿಯುತ್ತದೆ ಎಂಬುದನ್ನು ಮೊದಲು ತಿಳಿಯತಕ್ಕದ್ದು. ಪ್ರತಿಯೊಂದು ಕೀಲಿನ ಸುತ್ತ ಚೀಲದಂಥ ಒಂದು ಪೊರೆ ಇದೆ. ಒಳಗೆ ಅಂಟಾದ ದ್ರವವಿದೆ. ಮೂಳೆಗಳ ತುದಿಗೆ ಹೊದಿಸಿದ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲು ಆಡಿದಾಗ ಈ ದ್ರವ ಒತ್ತಿ ಬಿಟ್ಟಂತಾಗಿ ಅದರಿಂದಲೇ ಅದಕ್ಕೆ ಪೋಷಣೆ. ಆರು ವಾರ ಕಾಲನ್ನು ಅಲುಗಿಸದೆ ಇಟ್ಟರೆ ಪೊರೆ ಸಂಕುಚಿತವಾಗುತ್ತದೆ, ಅದರ ಮಡಿಕೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮೀನಖಂಡ ಮತ್ತು ತೊಡೆಯ ಸ್ನಾಯು ಇಳಿದುಹೋಗುತ್ತದೆ. ಮೂಳೆ ಕೂಡಲು ಅಲುಗದೆ ಇರುವುದು ಅವಶ್ಯಕ. ಅದೇ ಅಲುಗದಿರುವಿಕೆ ಕೀಲಿಗೆ ಮುಳುವು. ಆದ್ದರಿಂದ ಪ್ಲಾಸ್ಟರ್ ಬಿಚ್ಚಿದ ದಿನಕ್ಕೆ ಚಿಕಿತ್ಸೆಯ ಅರ್ಧ ಮಾತ್ರ ಮುಗಿದಿರುತ್ತದೆ.

ಎಷ್ಟು ಆಡಿದರೆ ಸಾಕು ಎಂಬ ಪ್ರಶ್ನೆಗೆ ಪೇಟೆಯ ಲೆಕ್ಕ ಬೇರೆ, ನಮ್ಮ ಲೆಕ್ಕ ಬೇರೆ. ಸಪಾಟು ನೆಲದ ಮೇಲೆ ನಡೆಯಲು ಮಂಡಿ ಸುಮಾರು 60 ಡಿಗ್ರಿ ಮಡಿಸಿದರೆ ನಡೆಯುತ್ತದೆ. ಮೆಟ್ಟಿಲು ಹತ್ತಿಳಿಯಲು 90ರಿಂದ 100 ಬೇಕು. ಕುರ್ಚಿ, ಮೇಜು, ಲಿಫ್ಟು ಇದ್ದವರಿಗೆ ಇಷ್ಟರಲ್ಲಿ ಜೀವನ ಸಾಗೀತು. ಆದರೆ ಕುಕ್ಕರುಗಾಲಿನಲ್ಲಿ ಕೂರಲು, ಊಟಕ್ಕೆ ಚಕ್ಕಳಮಕ್ಕಳ ಹಾಕಲು, ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯಲು 120 ಡಿಗ್ರಿಗೂ ಮೇಲೆ ಮಡಿಯಬೇಕು. ಪಾದವೂ ಹಾಗೆಯೇ. ಹಿಮ್ಮಡಿ ನೆಲಕ್ಕೆ ಊರಿದ್ದಂತೆ ಮಂಡಿ ಮುಂದಕ್ಕೆ ಬಾಗದಿದ್ದರೆ ಧರೆ ಹತ್ತುವುದು, ಹೊರೆ ಹೊತ್ತು ಇಳಿಯುವುದು, ಕಾಲಿಗೆ ಬಳ್ಳಿ ಕಟ್ಟಿ ಮರವನ್ನು ಅಪ್ಪಿ ಮೇಲೇರುವುದು ಯಾವುದೂ ಆಗದು. "ನಡೆದಾಡಿಕೊಂಡಿದ್ದಾನೆ" ಎಂದರೆ ಪೇಟೆಯಲ್ಲಿ ಗುಣವಾಯಿತೆಂದು ಅರ್ಥ. ತೋಟಿಗನಿಗೆ ಅದು ಅರ್ಧ ದಾರಿ.

ಬಿಗಿದ ಕೀಲನ್ನು ಸಡಿಲಿಸಲು ಫಿಸಿಯೋಥೆರಪಿಯವರು ಬಳಸುವ ಮುಖ್ಯ ಉಪಕರಣ ಅವರ ಎರಡು ಕೈ. ನೋಡುವವರಿಗೆ ಅದು ತಿಕ್ಕಿದಂತೆ ಕಾಣಬಹುದು, ನಿಜದಲ್ಲಿ ತಿಕ್ಕುವುದಲ್ಲ. ಕೀಲು ಮಡಿಯುವಾಗ ಒಂದು ಮೂಳೆ ಇನ್ನೊಂದರ ಮೇಲೆ ಉರುಳುವುದರ ಜೊತೆಗೆ ಕೂದಲೆಳೆಯಷ್ಟು ಜಾರಲೂ ಬೇಕು. ಆ ಜಾರುವಿಕೆಯನ್ನು ರೋಗಿ ತಾನಾಗಿ ಮಾಡಿಕೊಳ್ಳಲಾರ. ಪಾದದ ಗಂಟಿನಲ್ಲಿ ಟೇಲಸ್ ಎಂಬ ಮೂಳೆ ಕಣಕಾಲಿನ ಎರಡು ಮೂಳೆಗಳ ಕವಲಿನಲ್ಲಿ ಕೂತಿದೆ. ಪಾದ ಮೇಲಕ್ಕೆ ಏಳಬೇಕಾದರೆ ಅದು ತುಸು ಹಿಂದಕ್ಕೆ ಸರಿಯಬೇಕು. ಚಿಕಿತ್ಸಕರು ಒಂದು ಕೈಯಿಂದ ಕಣಕಾಲನ್ನು ಭದ್ರವಾಗಿ ಹಿಡಿದು ಇನ್ನೊಂದು ಕೈಯಿಂದ ಆ ಮೂಳೆಯನ್ನು ಹಿಂದಕ್ಕೆ ಒತ್ತಿ ಬಿಡುತ್ತಾರೆ, ಮತ್ತೆ ಒತ್ತಿ ಬಿಡುತ್ತಾರೆ. ಹೀಗೆ ಅರ್ಧ ನಿಮಿಷ, ಒಂದು ನಿಮಿಷ, ಕೆಲವು ಸರದಿ. ಮಂಡಿಯಲ್ಲಾದರೆ ಮೊದಲು ಚಿಪ್ಪನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸರಿಸಿ ಸಡಿಲ ಮಾಡುತ್ತಾರೆ. ಆಮೇಲೆ ಮಡಿಸಲು ಬಾರದವರಿಗೆ ಕಣಕಾಲಿನ ಮೂಳೆಯನ್ನು ಹಿಂದಕ್ಕೂ, ನೀಟಲು ಬಾರದವರಿಗೆ ಮುಂದಕ್ಕೂ ಜಾರಿಸುತ್ತಾರೆ.

ಈ ಒತ್ತುವಿಕೆಗೂ ಅಳತೆ ಉಂಟು. ಆಸ್ಟ್ರೇಲಿಯಾದ ಜೆಫ್ರಿ ಮೇಟ್‌ಲ್ಯಾಂಡ್ ಎಂಬುವರು ಇದನ್ನು ನಾಲ್ಕು ದರ್ಜೆಯಾಗಿ ವಿಂಗಡಿಸಿದರು. ಕೈಕಾಲುಗಳ ಕೀಲುಗಳ ಬಗ್ಗೆ ಅವರ ಪುಸ್ತಕ 1970ರಲ್ಲಿ ಹೊರಬಂತು. ಮೊದಲೆರಡು ದರ್ಜೆಗಳು ನೋವು ಶಮನಕ್ಕೆ. ಅವು ಕೀಲಿನ ಬಿಗಿಯನ್ನು ಮುಟ್ಟುವುದಿಲ್ಲ. ಮೂರು ಮತ್ತು ನಾಲ್ಕನೆಯವು ಬಿಗಿ ಎಲ್ಲಿ ತಡೆಯುತ್ತದೋ ಅಲ್ಲಿಯವರೆಗೆ ಹೋಗಿ ಅದನ್ನು ಮೆಲ್ಲಗೆ ಹಿಂದೆ ತಳ್ಳುವಂಥವು. ಇದಲ್ಲದೆ ರೋಗಿ ತೂಕ ಊರಿ ನಿಂತು ತಾನೇ ಮಂಡಿ ಬಾಗಿಸುತ್ತಿರುವಾಗ ಚಿಕಿತ್ಸಕರು ಮೂಳೆಯನ್ನು ಸರಿಯಾದ ದಿಕ್ಕಿಗೆ ಒತ್ತಿ ಹಿಡಿಯುವ ಪದ್ಧತಿಯೂ ಇದೆ. ಅದು ನ್ಯೂಜಿಲೆಂಡಿನ ಬ್ರಯನ್ ಮಲ್ಲಿಗನ್ ರೂಪಿಸಿದ್ದು. ಯಾವ ದರ್ಜೆ, ಯಾವ ದಿಕ್ಕು, ಎಷ್ಟು ಹೊತ್ತು ಎಂಬುದನ್ನು ನಿರ್ಧರಿಸುವುದೇ ಈ ವಿದ್ಯೆ.

ಇಲ್ಲಿ ನಮ್ಮ ಸದಸ್ಯರಲ್ಲಿ ಅನೇಕರು ಒಂದು ಪ್ರಶ್ನೆ ಕೇಳುವುದು ಸಹಜ: "ನಮ್ಮ ನಾಟಿ ವೈದ್ಯರು ಎಣ್ಣೆ ಹಚ್ಚಿ ನೀವಿ ಇದನ್ನೇ ಮಾಡುತ್ತಿರಲಿಲ್ಲವೇ?" ಪ್ರಶ್ನೆ ನ್ಯಾಯವಾದದ್ದೇ. ಮೂಳೆ ಕಟ್ಟುವವರ ಕೈಗುಣವನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಇಂಗ್ಲೆಂಡಿನಲ್ಲೂ ಒಂದು ಕಾಲಕ್ಕೆ ಇದೇ ವಾದವಿತ್ತು. ಅಲ್ಲಿನ ಖ್ಯಾತ ಶಸ್ತ್ರವೈದ್ಯ ಸರ್ ಜೇಮ್ಸ್ ಪ್ಯಾಜೆಟ್ 1867ರಲ್ಲಿ, ಮೂಳೆ ಕಟ್ಟುವವರು ಗುಣಪಡಿಸುವ ರೋಗಗಳ ಬಗ್ಗೆಯೇ ಉಪನ್ಯಾಸ ಕೊಟ್ಟು, ಅವರಲ್ಲಿ ಒಳ್ಳೆಯದಿರುವುದನ್ನು ಕಲಿತು ಕೆಟ್ಟದ್ದನ್ನು ಬಿಡಬೇಕೆಂದು ವೈದ್ಯರಿಗೆ ತಿಳಿಹೇಳಿದರು. ನಾಲ್ಕು ವರ್ಷದ ಬಳಿಕ, 1871ರಲ್ಲಿ, ವಾರ್ಟನ್ ಹುಡ್ ಎಂಬ ವೈದ್ಯರು ಅಂಥ ಒಬ್ಬ ಮೂಳೆ ಕಟ್ಟುವವರಿಂದ ಕಲಿತದ್ದನ್ನು ಪುಸ್ತಕವಾಗಿಯೇ ಬರೆದರು. ಇಂದಿನ ಕೈಚಿಕಿತ್ಸೆಯ ಬೇರು ಇಂಥ ಕಡೆಯೂ ಇದೆ.

ಆದರೆ ಕೆಟ್ಟದ್ದನ್ನು ಬಿಡಬೇಕೆಂಬ ಮಾತನ್ನು ಮರೆಯುವಂತಿಲ್ಲ. ಮುರಿದ ಕಾಲನ್ನು ಎಕ್ಸ್‌ರೇ ಇಲ್ಲದೆ ಎಳೆಯುವುದು, ಬಿಗಿದ ಮಂಡಿಯ ಮೇಲೆ ಭಾರ ಹಾಕಿ ಒಮ್ಮೆಗೇ ಮಡಿಸುವುದು, ಪೆಟ್ಟು ಬಿದ್ದು ಬಾತ ತೊಡೆಯನ್ನು ಬಲವಾಗಿ ತಿಕ್ಕುವುದು ಅಪಾಯಕರ. ಬಲವಂತದ ತಿಕ್ಕಾಟದಿಂದ ಸ್ನಾಯುವಿನ ಒಳಗೇ ಮೂಳೆಯಂಥ ಗಡ್ಡೆ ಬೆಳೆಯುವುದುಂಟು. ಆಮೇಲೆ ಕೀಲು ಮೊದಲಿಗಿಂತಲೂ ಬಿಗಿಯುತ್ತದೆ. ಹದವಾಗಿ ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವುದರಿಂದ ನೋವು ಕಡಿಮೆಯಾಗಿ ಹಾಯೆನಿಸಿದರೆ ಅದಕ್ಕೆ ಅಡ್ಡಿಯಿಲ್ಲ. ಅದು ವ್ಯಾಯಾಮಕ್ಕೆ ಮುಂಚಿನ ಸಿದ್ಧತೆಯೆಂದು ತಿಳಿದರೆ ಸರಿ, ವ್ಯಾಯಾಮದ ಬದಲಿಗೆ ಎಂದು ತಿಳಿದರೆ ತಪ್ಪು.

ಇನ್ನೊಂದು ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ಕೈಚಿಕಿತ್ಸೆಯನ್ನೇ ಪವಾಡವೆಂದು ನಂಬುವುದೂ ಸಲ್ಲದು. ಆಸ್ಟ್ರೇಲಿಯಾದಲ್ಲಿ ಪಾದದ ಗಂಟು ಮುರಿದ 94 ಮಂದಿಯ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ವ್ಯಾಯಾಮದ ಜೊತೆಗೆ ಕೈಚಿಕಿತ್ಸೆಯನ್ನೂ ಪಡೆದವರು ವ್ಯಾಯಾಮ ಮಾತ್ರ ಮಾಡಿದವರಿಗಿಂತ ಹೆಚ್ಚು ಸುಧಾರಿಸಲಿಲ್ಲ. ಅದೇ ದೇಶದಲ್ಲಿ 214 ಮಂದಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಚಿಕಿತ್ಸಕರ ಕಣ್ಣೆದುರಿಗೆ ಪದೇ ಪದೇ ಬಂದು ವ್ಯಾಯಾಮ ಮಾಡಿದವರೂ, ಸರಿಯಾದ ಸಲಹೆಯನ್ನು ಕೇಳಿಕೊಂಡು ಹೋಗಿ ಮನೆಯಲ್ಲೇ ಮಾಡಿದವರೂ ಹೆಚ್ಚುಕಡಿಮೆ ಸಮಾನವಾಗಿಯೇ ಗುಣ ಹೊಂದಿದರು.

ಇದರಿಂದ ಕೈಚಿಕಿತ್ಸೆ ಬೇಡವೆಂದು ಅರ್ಥ ಮಾಡಬಾರದು. ತೊಡಕಿಲ್ಲದ ಪಾದದ ಮುರಿತದ ಮಾತು ಅದು. ಮಂಡಿಯ ಒಳಗೇ ಮುರಿದು ಪ್ಲೇಟು ಸ್ಕ್ರೂ ಹಾಕಿಸಿಕೊಂಡವರಿಗೆ, ತಿಂಗಳು ಕಳೆದರೂ ಮಡಿಯದೆ ಕೂತ ಕೀಲಿಗೆ ತಜ್ಞರ ಕೈ ಬೇಕೇ ಬೇಕು. ಆದರೆ ಆ ಕೈ ಅರ್ಧ ಗಂಟೆಯಲ್ಲಿ ಗಳಿಸಿಕೊಟ್ಟ ಐದು ಡಿಗ್ರಿಯನ್ನು ಉಳಿದ ಇಪ್ಪತ್ಮೂರೂವರೆ ಗಂಟೆ ಉಳಿಸಿಕೊಳ್ಳುವುದು ರೋಗಿಯ ಸ್ವಂತ ವ್ಯಾಯಾಮ. ದೂರದ ಹಳ್ಳಿಗಳಲ್ಲಿರುವ ನಮಗೆ ಇದು ಒಂದು ರೀತಿಯಲ್ಲಿ ಸಮಾಧಾನದ ಸಂಗತಿ. ಎಲ್ಲರೂ ದಿನಾಲೂ ಪೇಟೆಗೆ ಹೋಗಬೇಕಾಗಿಲ್ಲ. ನಾಲ್ಕಾರು ಸಲ ಹೋಗಿ ಸರಿಯಾಗಿ ಕಲಿತು ಬಂದು, ಮನೆಯಲ್ಲಿ ಬಿಡದೆ ಮಾಡಿದರೆ ಬಹುಪಾಲು ಜನರಿಗೆ ಕೆಲಸವಾಗುತ್ತದೆ.

ಮನೆಯಲ್ಲಿ ಮಾಡುವುದಕ್ಕೆ ಯಾವ ಯಂತ್ರವೂ ಬೇಡ. ವೈದ್ಯರು ಕಾಲು ಆಡಿಸಬಹುದೆಂದು ಅಪ್ಪಣೆ ಕೊಟ್ಟ ಮೇಲೆ, ಪಾದವನ್ನು ಮೇಲಕ್ಕೂ ಕೆಳಕ್ಕೂ ನಿಧಾನವಾಗಿ ಹತ್ತು ಹದಿನೈದು ಸಲ, ದಿನಕ್ಕೆ ನಾಲ್ಕೈದು ಸರದಿ ಆಡಿಸುವುದು. ಕಾಲು ನೀಡಿ ಕೂತು, ಪಾದದ ಅಡಿಗೆ ಪಂಚೆ ಸುತ್ತಿ ಎರಡೂ ತುದಿಯನ್ನು ತನ್ನ ಕಡೆಗೆ ಎಳೆದು ಅರ್ಧ ನಿಮಿಷ ಹಿಡಿಯುವುದು. ಚಾಪೆಯ ಮೇಲೆ ಮಲಗಿ ಹಿಮ್ಮಡಿಯನ್ನು ನೆಲದಿಂದ ಎತ್ತದೆ ಪೃಷ್ಠದ ಕಡೆಗೆ ಸರಿಸುತ್ತ ಮಂಡಿ ಮಡಿಸುವುದು. ಮಂಡಿಯ ಅಡಿಗೆ ಟವೆಲ್ ಸುರುಳಿ ಇಟ್ಟು ಅದನ್ನು ಐದು ಎಣಿಸುವವರೆಗೆ ಕೆಳಗೆ ಒತ್ತುವುದು. ಇದರಿಂದ ಇಳಿದುಹೋದ ತೊಡೆ ಮತ್ತೆ ತುಂಬುತ್ತದೆ. ಪೂರ್ತಿ ತೂಕ ಊರಬಹುದೆಂದು ಹೇಳಿದ ಮೇಲೆ ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸುವುದು. ಹೆಬ್ಬೆರಳಿಗೂ ಗೋಡೆಗೂ ಎಷ್ಟು ಬೆರಳು ಅಂತರವಿಟ್ಟು ಮುಟ್ಟಿಸಲು ಬಂತು ಎಂಬುದನ್ನು ವಾರಕ್ಕೊಮ್ಮೆ ಗುರುತು ಹಾಕಿದರೆ ಸುಧಾರಣೆ ಕಣ್ಣಿಗೆ ಕಾಣುತ್ತದೆ. ಒಳ್ಳೆಯ ಕಾಲಿನ ಅಳತೆಯೇ ಮುಟ್ಟಬೇಕಾದ ಗುರಿ.

ನೋವಿನ ವಿಷಯದಲ್ಲಿ ಒಂದು ಹದ ಇದೆ. ವ್ಯಾಯಾಮದಲ್ಲಿ ಸೆಳೆತ ಬಂದು ಸ್ವಲ್ಪ ಹೊತ್ತಿನಲ್ಲಿ ಶಮನವಾದರೆ ಹೆದರಬೇಕಾಗಿಲ್ಲ. ಮರುದಿನ ಬೆಳಿಗ್ಗೆ ಕಾಲು ಹೆಚ್ಚು ಬಾತಿದ್ದರೆ, ನೋವು ಏರಿದ್ದರೆ, ಹಿಂದಿನ ದಿನ ಅತಿಯಾಯಿತೆಂದು ತಿಳಿದು ಕಡಿಮೆ ಮಾಡಬೇಕು.

ಕೆಲವು ಲಕ್ಷಣಗಳನ್ನು ಕಂಡರೆ ಮಾತ್ರ ಯಾರ ಕೈಯನ್ನೂ ಕಾಲಿಗೆ ಹಾಕಿಸದೆ ಆಸ್ಪತ್ರೆಗೆ ಹೋಗತಕ್ಕದ್ದು. ಮೀನಖಂಡ ಬಾತು, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಂಥ ಕಾಲನ್ನು ತಿಕ್ಕಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಸಂಚಕಾರ ಬಂದೀತು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಗಳಿಗೆಯೂ ತಡ ಮಾಡಬಾರದು. ಗಾಯದಿಂದ ಕೀವು, ಜ್ವರ, ಮುಟ್ಟಿದರೇ ಬೆಂಕಿಯಂಥ ಉರಿ, ಚರ್ಮದ ಬಣ್ಣ ಬದಲಾಗುವುದು ಇವೂ ವೈದ್ಯರಿಗೆ ತೋರಿಸಬೇಕಾದವೇ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರು ಬಿಸಿ ಶಾಖ ಕೊಟ್ಟುಕೊಳ್ಳಬಾರದು, ಸುಟ್ಟದ್ದೇ ತಿಳಿಯುವುದಿಲ್ಲ.

ಇನ್ನು ನಮ್ಮ ಭಾಗದ ಅಡಚಣೆಗಳ ವಿಚಾರ. ಮೊದಲನೆಯದು ದೂರ. ಕ್ಯಾಸಲ್‌ರಾಕ್ ಇರುವುದು ಜೋಯಿಡಾ ತಾಲ್ಲೂಕಿನ ಅಂಚಿನಲ್ಲಿ. ನಮಗಿರುವ ಒಂದು ಅನುಕೂಲವೆಂದರೆ ರೈಲು: ಹುಬ್ಬಳ್ಳಿಯಿಂದ ಧಾರವಾಡ, ಲೋಂಡಾ ಮೂಲಕ ವಾಸ್ಕೋಗೆ ಹೋಗುವ ಮಾರ್ಗ ನಮ್ಮೂರಿನ ಮೇಲೆಯೇ ಹಾದಿದೆ. ಧಾರವಾಡದಲ್ಲಿ ಎಸ್‌.ಡಿ.ಎಂ., ಬೆಳಗಾವಿಯಲ್ಲಿ ಕೆ.ಎಲ್‌.ಇ. ಸಂಸ್ಥೆಗಳ ಫಿಸಿಯೋಥೆರಪಿ ಕಾಲೇಜುಗಳಿವೆ. ಮೂಳೆ ತೋರಿಸಲು ಹೋದ ದಿನವೇ ಅಲ್ಲಿಯ ಚಿಕಿತ್ಸಕರನ್ನೂ ಕಂಡು ಬಂದರೆ ಒಂದೇ ಪ್ರಯಾಣದಲ್ಲಿ ಎರಡು ಕೆಲಸ. ಗುಂದ, ನಂದಿಗದ್ದೆ ಕಡೆಯ ಸದಸ್ಯರು ಜೋಯಿಡಾ, ದಾಂಡೇಲಿ, ಹಳಿಯಾಳದ ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲು ವಿಚಾರಿಸುವುದು ಲೇಸು.

ಎರಡನೆಯದು ಕಾಲ. ಶ್ರಾವಣದಲ್ಲಿ ಬಿದ್ದವರಿಗೆ ಪ್ಲಾಸ್ಟರ್ ಬಿಚ್ಚುವುದು ನವರಾತ್ರಿಯ ಆಜೂಬಾಜು. ದೀಪಾವಳಿ ಕಳೆದರೆ ಕೊನೆ ಕೊಯ್ಲು, ಅದರ ಬೆನ್ನಿಗೇ ಕಾಫಿ ಹಣ್ಣು. ಕೀಲಿಗೆ ಬೇಕಾದ ವಾರಗಳೂ ತೋಟಕ್ಕೆ ಬೇಕಾದ ವಾರಗಳೂ ಒಂದರ ಮೇಲೊಂದು ಬಂದು ಕೂರುತ್ತವೆ. "ಈ ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ" ಎಂದವರ ಕೀಲು ಮಾಘಮಾಸಕ್ಕೆ ಕಲ್ಲಾಗಿರುತ್ತದೆ. ಆಗ ಮತ್ತೆ ಅರಿವಳಿಕೆ ಕೊಟ್ಟು ಕೀಲನ್ನು ಬಿಡಿಸಬೇಕಾದ ಪ್ರಸಂಗವೂ ಬರಬಹುದು.

ಮೂರನೆಯದು ಖರ್ಚು. ಸಹಕಾರ ಸಂಘಗಳ ಸದಸ್ಯರಿಗೆಂದು 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022ರ ಬಜೆಟ್ಟಿನಲ್ಲಿ ಮರು ಘೋಷಣೆಯಾಗಿ ಮತ್ತೆ ನಡೆಯುತ್ತ ಬಂದಿದೆ. ಅದು ಹುಟ್ಟಿದ್ದೇ ಶಸ್ತ್ರಚಿಕಿತ್ಸೆಯ ಖರ್ಚಿಗಾಗಿ. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲಿನ ಕೈಚಿಕಿತ್ಸೆ ಯಾರ ಲೆಕ್ಕಕ್ಕೆ ಎಂಬುದನ್ನು ಸೇರುವ ದಿನವೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಸಾವಿರಾರು ರೂಪಾಯಿಯ ಪ್ಲೇಟು ಹಾಕಿಸಿ, ನಾಲ್ಕಾರು ಭೇಟಿಯ ಖರ್ಚಿಗೆ ಹಿಂಜರಿದು ಕಾಲನ್ನು ಬಿಗಿಯಲು ಬಿಡುವುದು ಗೊಬ್ಬರ ಹಾಕಿ ನೀರು ಕಟ್ಟದಂತೆ.

ಮತ್ತೊಂದು ಮಾತು ತೋಟದ ಒಡೆಯರಿಗೆ. ಬೀಳುವವರು ನಾವಷ್ಟೇ ಅಲ್ಲ. ಕೊನೆಗೌಡ ನಮ್ಮ ಮರದಿಂದ ಬಿದ್ದರೆ ಆಸ್ಪತ್ರೆಯ ಬಿಲ್ಲು ಕೊಟ್ಟಲ್ಲಿಗೆ ಋಣ ತೀರಿತೆಂದು ತಿಳಿಯುವವರಿದ್ದಾರೆ. ಆತನ ಬಾಳೆಲ್ಲ ನಿಂತಿರುವುದು ಪಾದ ಬಾಗುವುದರ ಮೇಲೆ, ಮಂಡಿ ಮಡಿಯುವುದರ ಮೇಲೆ. ಕೂಲಿಯಿಲ್ಲದೆ ವ್ಯಾಯಾಮ ಮಾಡುತ್ತ ಮನೆಯಲ್ಲಿರು ಎಂದರೆ ಆತ ಇರಲಾರ. ಅರ್ಧ ಗುಣವಾದ ಕಾಲಿನಲ್ಲೇ ಮತ್ತೆ ಮರ ಹತ್ತುತ್ತಾನೆ, ಎರಡನೆಯ ಸಲ ಬೀಳುತ್ತಾನೆ. ಹತ್ತುವವರು ಸಿಗುವುದಿಲ್ಲವೆಂದು ಕೊರಗುವ ನಾವು ಇರುವವರ ಕಾಲನ್ನು ಕಾಪಾಡುವುದು ಬೇಡವೇ? ಹೆಂಗಸರ ಸ್ಥಿತಿಯಂತೂ ಹೇಳುವಂತಿಲ್ಲ. ಪ್ಲಾಸ್ಟರ್ ಬಿಚ್ಚಿದ ಮರುದಿನವೇ ಅವರಿಗೆ ಕೊಟ್ಟಿಗೆ, ಒಲೆ, ನೀರು ಕಾದಿರುತ್ತವೆ. ಓಡಾಡುತ್ತಿದ್ದಾರೆಂದ ಮಾತ್ರಕ್ಕೆ ಕೀಲು ಬಿಟ್ಟಿದೆಯೆಂದು ಮನೆಯವರು ತಿಳಿಯಬಾರದು. ಕೆಳಗೆ ಕೂತು ಏಳಲು ಬರುತ್ತದೆಯೇ ಎಂದು ಒಮ್ಮೆ ಕೇಳಬೇಕು.

ಈ ಎಲ್ಲ ಕಾರಣಗಳಿಂದ ನಾವು ಮುಂದಿನ ಮಹಾಸಭೆಯ ಪರಿಶೀಲನೆಗೆ ನಾಲ್ಕು ಸೂಚನೆಗಳನ್ನು ಇಡುತ್ತೇವೆ. ಒಂದು, ಅಪಘಾತಕ್ಕೆಂದು ಸಂಘದಿಂದ ಕೊಡುವ ಸಹಾಯಧನವು ಶಸ್ತ್ರಚಿಕಿತ್ಸೆಯ ಬಿಲ್ಲಿಗೆ ಮುಗಿಯದೆ, ಆಮೇಲಿನ ಆರು ಭೇಟಿಗಳ ಫಿಸಿಯೋಥೆರಪಿ ಮತ್ತು ಪ್ರಯಾಣದ ವೆಚ್ಚಕ್ಕೂ ಸಲ್ಲುವಂತಾಗಲಿ. ಎರಡು, ನವರಾತ್ರಿಯಿಂದ ಸಂಕ್ರಾಂತಿಯವರೆಗೆ ತಿಂಗಳಿಗೊಮ್ಮೆ ಒಬ್ಬ ಫಿಸಿಯೋಥೆರಪಿ ತಜ್ಞರನ್ನು ಕರೆಸಿ ಕ್ಯಾಸಲ್‌ರಾಕ್‌ನಲ್ಲಿ ಒಂದು ದಿನ, ಜೋಯಿಡಾದಲ್ಲಿ ಒಂದು ದಿನ ಶಿಬಿರ ನಡೆಸುವುದಾಗಲಿ. ತೂಕದ ದಿನಕ್ಕೆ ಹೊಂದಿಸಿದರೆ ಸದಸ್ಯರಿಗೆ ಬೇರೆ ಓಡಾಟವಿಲ್ಲ. ಮೂರು, ಈ ಎರಡೂ ಅನುಕೂಲ ಸದಸ್ಯರ ತೋಟದಲ್ಲಿ ದುಡಿಯುವ ಕೂಲಿಕಾರರಿಗೂ ದೊರೆಯಲಿ. ನಾಲ್ಕು, ಮನೆಯಲ್ಲಿ ಮಾಡುವ ವ್ಯಾಯಾಮಗಳ ಚಿತ್ರಸಹಿತ ಒಂದು ಹಾಳೆಯನ್ನು ಕನ್ನಡದಲ್ಲೂ, ಕನ್ನಡ ಲಿಪಿಯ ಕೊಂಕಣಿಯಲ್ಲೂ ಅಚ್ಚು ಹಾಕಿಸಿ ಸಂಘದ ಕೌಂಟರಿನಲ್ಲಿ ಇರಿಸುವುದಾಗಲಿ. ಅಚ್ಚಿಗೆ ಮುಂಚೆ ತಜ್ಞರೊಬ್ಬರ ಕಣ್ಣಿಗೆ ಅದು ಬೀಳಬೇಕು.

ಹಣದ ಪ್ರಶ್ನೆ ಬಂದೇ ಬರುತ್ತದೆ. ಒಂದು ವರ್ಷ ಒಂದು ಎಕರೆ ತೋಟಕ್ಕೆ ಸಕಾಲದಲ್ಲಿ ಮದ್ದು ಬೀಳದೆ ಕೊಳೆರೋಗಕ್ಕೆ ಹೋದ ಅಡಿಕೆಯ ಬೆಲೆ ಎಷ್ಟೆಂದು ಪ್ರತಿಯೊಬ್ಬ ಸದಸ್ಯರೂ ಬಲ್ಲರು. ಆ ಲೆಕ್ಕವನ್ನು ಮುಂದಿಟ್ಟುಕೊಂಡು ಶಿಬಿರದ ಖರ್ಚನ್ನು ತೂಗಿ ನೋಡಲಿ. ಈ ಸೂಚನೆಗಳ ಬಗ್ಗೆ ಪರವೋ ವಿರೋಧವೋ, ತಮ್ಮ ಅಭಿಪ್ರಾಯವನ್ನು ಸದಸ್ಯರು ಮಹಾಸಭೆಗೆ ಮುಂಚಿತವಾಗಿ ಕಾರ್ಯಾಲಯಕ್ಕೆ ಬರೆದು ತಿಳಿಸಬೇಕೆಂದು ಕೋರುತ್ತೇವೆ. ಸದ್ಯ ಯಾರ ಮನೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡವರು ಇದ್ದಾರೋ ಅವರು ಸಭೆಯ ನಿರ್ಣಯಕ್ಕೆ ಕಾಯುವುದು ಬೇಡ. ಬಿಚ್ಚಿಸಲು ಹೋದ ದಿನ, ಕೀಲು ಆಡಿಸಲು ಕಲಿಸುವವರು ಎಲ್ಲಿದ್ದಾರೆಂದು ಆ ಆಸ್ಪತ್ರೆಯಲ್ಲೇ ಕೇಳಿ, ಅವರನ್ನು ಕಂಡೇ ಊರಿಗೆ ಹೊರಡಲಿ.